ಒಂದೇ ಮನೆಯ ನಾಲ್ಕು ಹೆಬ್ಬೆರಳು

ನಮ್ಮ ಪಿ.ಟಿ. ಟೀಚರ ಬಲಗೈ ಹೆಬ್ಬೆರಳು ಬುಡದಿಂದಲೇ ಹೊರಕ್ಕೆ ವಾಲಿಕೊಂಡಿತ್ತು. ಉಳಿದ ಬೆರಳುಗಳ ಜೊತೆ ಮಾತು ಬಿಟ್ಟವರ ಹಾಗೆ ದೂರ ನಿಂತಿರುತ್ತಿತ್ತು. ಹಾಜರಿ ಹಾಕುವಾಗ ಪೆನ್ನನ್ನು ತೋರುಬೆರಳು, ನಡುಬೆರಳುಗಳ ಸಂದಿಯಲ್ಲಿ ಸಿಕ್ಕಿಸಿಕೊಂಡು ಬರೆಯುತ್ತಿದ್ದರು. ಅಕ್ಷರ ಮಾತ್ರ ದುಂಡಗೆ, ನಮ್ಮೆಲ್ಲರದಕ್ಕಿಂತ ಚೆಂದ. ಬಾಯಾರಿದಾಗ ನೀರಿನ ಬಾಟಲಿಯನ್ನು ಹತ್ತಿರವಿದ್ದ ಹುಡುಗಿಯ ಕಡೆ ಚಾಚಿ, ಮುಖವನ್ನೂ ನೋಡದೆ "ತೆಗಿ" ಅನ್ನುತ್ತಿದ್ದರು. ಮುಚ್ಚಳ ತೆಗೆದುಕೊಡುವುದು ನಮಗೆ ದೊಡ್ಡ ಮರ್ಯಾದೆಯ ಕೆಲಸ. ಅದು ಟೀಚರ ಗತ್ತು ಎಂದೇ ನಾವು ಬಹಳ ದಿನ ತಿಳಿದಿದ್ದೆವು.

ಎರಡು ಸಾವಿರದ ಇಸವಿ ಆಗಷ್ಟೇ ದಾಟಿದ್ದ ಕಾಲ. ಹಿರೇಕೊಡಿಗೆ ಕಡೆಯ ನಮ್ಮ ಹೈಸ್ಕೂಲಿಗೆ ಅವರು ಕೊಪ್ಪದಿಂದ ಬಸ್ಸಿನಲ್ಲಿ ಬರುತ್ತಿದ್ದರು. ತವರು ನರಸಿಂಹರಾಜಪುರ. ಮದುವೆ ಆಗಿರಲಿಲ್ಲ, ಆ ಬಗ್ಗೆ ಕೇಳುವ ಧೈರ್ಯ ಹೆಡ್ ಮಾಸ್ಟರಿಗೂ ಇರಲಿಲ್ಲ. ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಉಗುರು ನೋಡುವ ನೆಪದಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಹೆಬ್ಬೆರಳನ್ನೂ ಪಕ್ಕಕ್ಕೆ ಎಳೆದು ನೋಡುತ್ತಿದ್ದರು. ಚೆಂಡು ಬಿಟ್ಟವರನ್ನು ಅವರು ಬೈದದ್ದು ಕಡಿಮೆ, ನೋವು ಮುಚ್ಚಿಟ್ಟವರಿಗೆ ಮಾತ್ರ ಉಳಿಗಾಲವಿರಲಿಲ್ಲ. "ನೋವಾದ್ರೆ ಬಾಯಿಬಿಟ್ಟು ಹೇಳ್ಬೇಕು. ಸುಮ್ನಿದ್ದಿದ್ದಕ್ಕೆ ಯಾರೂ ಮೆಡಲ್ ಕೊಡದಿಲ್ಲ" ಎನ್ನುವುದು ಅವರ ಖಾಯಂ ಮಾತು.

ಹಾಗಿದ್ದೂ ನಾನು ಸುಮ್ಮನಿದ್ದೆ. ಕೊಪ್ಪದಲ್ಲಿ ತಾಲ್ಲೂಕು ಮಟ್ಟದ ಥ್ರೋಬಾಲ್ ಪಂದ್ಯ. ನೆಟ್ಟಿನ ಹತ್ತಿರ ಬಂದ ಚೆಂಡನ್ನು ಹಿಡಿಯಲು ಹೋದಾಗ ಅದು ನನ್ನ ಬಲಗೈ ಹೆಬ್ಬೆರಳನ್ನು ಹೊರಕ್ಕೆ ಎಳೆದುಕೊಂಡೇ ಹೋಯಿತು. ಒಳಗೆ ಏನೋ ಕಿತ್ತುಬಂದ ಹಾಗಾಯಿತು. ಗೆಲ್ಲುವ ಹುಮ್ಮಸ್ಸಿನಲ್ಲಿ ಹಲ್ಲು ಕಚ್ಚಿ ಆಡಿದೆ, ಗೆದ್ದೆವು ಕೂಡ. ಮನೆಗೆ ಬಂದಾಗ ಬೆರಳಿನ ಬುಡ ಊದಿಕೊಂಡಿತ್ತು. ಅಮ್ಮ ಅರಿಶಿನ, ಸುಣ್ಣ ಕಲಸಿ ಬಿಸಿ ಮಾಡಿ ಹಚ್ಚಿ, ಹಳೆ ಪಂಚೆಯ ತುಂಡು ಸುತ್ತಿದಳು. ಸಂಜೆ ಎಂದಿನಂತೆ ಚೊಂಬು ಹಿಡಿದು ಕೊಟ್ಟಿಗೆಗೆ ಹೋದೆ. ನಮ್ಮದು ಗಿಡ್ಡ ತಳಿಯ ಹಸು. ಮೊಲೆ ಚಿಕ್ಕದು, ಹೆಬ್ಬೆರಳು ಒತ್ತದೆ ಹಾಲು ಇಳಿಯುವುದಿಲ್ಲ.

ಇದೇ ಮನೆಯಲ್ಲಿ ಮೂರು ವಾರದ ಹಿಂದೆ ಇನ್ನೊಂದು ಹೆಬ್ಬೆರಳಿಗೂ ಪೆಟ್ಟಾಗಿತ್ತು. ಮೇಗುಂದದ ನೆಂಟರ ಮನೆಗೆ ಹೋಗಿ ಬರುವಾಗ ಅಣ್ಣಯ್ಯ ತಿರುವಿನಲ್ಲಿ ಬೈಕಿನಿಂದ ಬಿದ್ದಿದ್ದ. ಕೈಯೂರಿದ ರಭಸಕ್ಕೆ ಹೆಬ್ಬೆರಳಿನ ಬುಡದಲ್ಲಿ ಮೂಳೆಗಳನ್ನು ಹಿಡಿದಿಡುವ ಕಟ್ಟು ಹರಿದಿತ್ತು. ಅವತ್ತೇ ಅಪ್ಪಯ್ಯ ಜೀಪು ಮಾಡಿಕೊಂಡು ಶಿವಮೊಗ್ಗಕ್ಕೆ ಹೋದ, ಅಣ್ಣಯ್ಯನಿಗೆ ಆರು ವಾರದ ಪ್ಲಾಸ್ಟರ್ ಬಿತ್ತು. ಊರಿನವರೆಲ್ಲ ಬಂದು ನೋಡಿಕೊಂಡು ಹೋದರು. ಅವನ ಅನ್ನ ಕಲಸಿ ಕೊಡುವುದು, ಬೆನ್ನಿಗೆ ನೀರು ಹಾಕುವುದು ಅಮ್ಮನ ಕೆಲಸವಾಯಿತು. ಇದರಲ್ಲಿ ಯಾರದೂ ಕೆಟ್ಟ ಬುದ್ಧಿ ಇರಲಿಲ್ಲ. ನನಗೂ ಅದು ಭೇದ ಎಂದು ಅನ್ನಿಸಿರಲಿಲ್ಲ.

ಸೋಮವಾರ ಟೀಚರು ನನ್ನ ಬೆರಳನ್ನು ಪಕ್ಕಕ್ಕೆ ಎಳೆದರು. ಅದು ಚಿಲಕವಿಲ್ಲದ ಬಾಗಿಲಿನಂತೆ ತೆರೆದುಕೊಂಡಿತು. ಅವರ ಮುಖ ಕಪ್ಪಿಟ್ಟಿತು. ಬೈಯಲಿಲ್ಲ. ಹೆಡ್ ಮಾಸ್ಟರಿಗೆ ಹೇಳಿ ಮುಂದಿನ ಬಸ್ಸಿಗೆ ಕೊಪ್ಪದ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.

ಡಾಕ್ಟರು ಸಮಾಧಾನದ ಮನುಷ್ಯ. ಪ್ಲಾಸ್ಟರ್ ಸುತ್ತುತ್ತ ಎಲ್ಲವನ್ನೂ ವಿವರಿಸಿದರು. ಗಂಡಸರಿಗೆ ಈ ಪೆಟ್ಟು ಬೀಳುವುದು ಬೈಕಿನಿಂದ, ಆಟದಿಂದ, ಒಂದೇ ಏಟಿಗೆ. ಹೆಂಗಸರಲ್ಲಿ ಕೀಲು ಸ್ವಲ್ಪ ಸಡಿಲ ಇರುವುದೂ ಉಂಟು, ಹಾಗಾಗಿ ಅವರ ಬೆರಳು ಪೂರ್ತಿ ಗಟ್ಟಿಯಾಗುವುದು ಕಷ್ಟ ಎಂದರು. ಟೀಚರು ಕೇಳಿಸಿಕೊಂಡು ನಿಂತಿದ್ದರು.

"ಇರಬಹುದು ಸರ್. ಆದ್ರೆ ಗಂಡುಮಕ್ಕಳ ಪ್ಲಾಸ್ಟರ್ ಬಿಚ್ಚೋದು ನೀವು. ಹೆಣ್ಮಕ್ಕಳದ್ದು ಯಾರು ಬಿಚ್ತಾರೆ, ಯಾವಾಗ ಬಿಚ್ತಾರೆ, ನಿಮಗೆ ಗೊತ್ತುಂಟಾ?"

ಡಾಕ್ಟರು ಕಣ್ಣೆತ್ತಿ ಟೀಚರನ್ನು ನೋಡಿದರು. ಪ್ಲಾಸ್ಟರ್ ಬಿಚ್ಚಿಸಲು ವಾಪಸು ಬರುವ ಹೆಂಗಸರು ಕಡಿಮೆ, ಅದು ನಿಜ ಎಂದು ಒಪ್ಪಿಕೊಂಡರು.

ಟೀಚರ ಮಾತು ನಿಜವಾಗಲು ಮೂರು ವಾರವೂ ಹಿಡಿಯಲಿಲ್ಲ. ಭೂಮಿ ಹುಣ್ಣಿಮೆ ಹಬ್ಬ ಬಂತು. ಸೊಪ್ಪು ಆಯುವುದು, ಕಾಯಿ ತುರಿಯುವುದು, ಕಡುಬಿಗೆ ಎಲೆಯ ಕೊಟ್ಟೆ ಕಟ್ಟುವುದು, ಅಮ್ಮ ಒಬ್ಬಳೇ ಎಷ್ಟೆಂದು ಮಾಡುತ್ತಾಳೆ? ನನಗೂ ನೋವು ಇಳಿದಿತ್ತು, ಪ್ಲಾಸ್ಟರಿನ ಒಳಗೆ ನವೆ ತಡೆಯಲು ಆಗುತ್ತಿರಲಿಲ್ಲ. ನೋವೇ ಇಲ್ಲವೆಂದ ಮೇಲೆ ಇನ್ನೇಕೆ ಇದರ ಹೊರೆ ಎಂದು ಅಮ್ಮ ಬಚ್ಚಲ ಹಂಡೆಯ ಬಿಸಿನೀರಿನಲ್ಲಿ ನನ್ನ ಕೈಯನ್ನು ನೆನೆಸಿ, ಮೆತ್ತಗಾದ ಮೇಲೆ ಕತ್ತರಿಯಲ್ಲಿ ಕತ್ತರಿಸಿ ತೆಗೆದಳು. ತೆಗೆದವಳೇ ಕೈಗೆ ಕೊಬ್ಬರಿ ಎಣ್ಣೆ ಸವರಿದಳು. ಅದು ಅವಳ ಪ್ರೀತಿಯೇ ಆಗಿತ್ತು.

ಬರಿಗೈಯಲ್ಲಿ ಶಾಲೆಗೆ ಹೋದ ದಿನವೇ ಸಂಜೆ ಟೀಚರು ನನ್ನ ಹಿಂದೆಯೇ ಮನೆಗೆ ಬಂದರು. ಜಗಲಿಯಲ್ಲಿ ಕೂತರು, ಕೊಟ್ಟ ಕಾಫಿ ಕುಡಿದರು. ಜಗಳಕ್ಕೆ ಬಂದಿದ್ದಾರೆ ಎಂದುಕೊಂಡೆ. ಅವರು ಜಗಳ ಮಾಡಲಿಲ್ಲ. ಶಿವಮೊಗ್ಗದಲ್ಲಿ ಆಗಷ್ಟೇ ಪ್ಲಾಸ್ಟರ್ ಬಿಚ್ಚಿಸಿಕೊಂಡು ಬಂದಿದ್ದ ಅಣ್ಣಯ್ಯನನ್ನು ಕರೆದು ಅವನ ಹೆಬ್ಬೆರಳನ್ನು ಮೆಲ್ಲಗೆ ಪಕ್ಕಕ್ಕೆ ಎಳೆದರು. ಗಟ್ಟಿ ನಿಂತಿತು. ನನ್ನದನ್ನು ಎಳೆದರು, ತೆರೆದುಕೊಂಡಿತು. ಆಮೇಲೆ, "ಅಕ್ಕ, ನಿಮ್ಮ ಕೈ ಕೊಡಿ" ಎಂದರು.

ಅಮ್ಮ ಸೆರಗಿಗೆ ಕೈ ಒರೆಸಿ ನಾಚಿಕೊಂಡೇ ಕೊಟ್ಟಳು. ಅವಳ ಹೆಬ್ಬೆರಳು ನನ್ನದಕ್ಕಿಂತ ಹೆಚ್ಚು ತೆರೆದುಕೊಂಡಿತು. ಎಂದು ಪೆಟ್ಟಾಗಿತ್ತು ಎಂದು ಟೀಚರು ಕೇಳಿದರು. ಅಮ್ಮನಿಗೆ ನೆನಪಿರಲಿಲ್ಲ. ಅವಳು ತನ್ನ ಕೈಯನ್ನೇ ನೋಡುತ್ತ ಹೇಳಿದಳು.

"ಹೆಂಗಸರ ಹೆಬ್ಬೆಟ್ಟು ಹಿಂಗೇ ಇರ್ತದೆ ಅಂದ್ಕೊಂಡಿದ್ದೆ ಟೀಚರೇ. ನಮ್ಮಮ್ಮಂದೂ ಹಿಂಗೇ ಇತ್ತು."

ಟೀಚರು ಅಮ್ಮನ ಕೈ ಬಿಡದೆ ತಮ್ಮ ಕಥೆ ಹೇಳಿದರು. ಕಾಲೇಜಿನಲ್ಲಿ ಆಡುವಾಗ ಅವರಿಗೂ ಇದೇ ಪೆಟ್ಟು ಬಿದ್ದಿತ್ತು. ಮುಂದಿನ ದೊಡ್ಡ ಪಂದ್ಯಕ್ಕೆ ಆಯ್ಕೆಯೂ ಆಗಿತ್ತು. ಅಷ್ಟರಲ್ಲಿ ಅಕ್ಕನ ಮದುವೆ ಬಂತು, ಹೋಳಿಗೆ ಲಟ್ಟಿಸಲು ಕೈ ಸಾಲದೆ ಅಜ್ಜಿ ಪ್ಲಾಸ್ಟರ್ ಬಿಚ್ಚಿದರು. ಟೀಚರು ಮತ್ತೆ ಅಂಕಣಕ್ಕೆ ಇಳಿದದ್ದು ಆಡಲು ಅಲ್ಲ, ಆಡಿಸಲು, ಬಾಯಲ್ಲಿ ಸೀಟಿ ಇಟ್ಟುಕೊಂಡೇ. "ಹೋಳಿಗೆ ಏನೋ ಚೆನ್ನಾಗೇ ಆಗಿತ್ತು" ಎಂದು ಮಾತು ಮುಗಿಸಿದರು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಬಾಟಲಿಯ ಮುಚ್ಚಳವನ್ನು ಅವರು ಯಾಕೆ ನಮ್ಮ ಕೈಯಲ್ಲಿ ತೆಗೆಸುತ್ತಿದ್ದರು ಎಂದು ನನಗೆ ಗೊತ್ತಾದದ್ದು ಆಗ.

ಕೊನೆಗೆ ಅವರು ಕಂಬಕ್ಕೆ ಒರಗಿ ಕೂತಿದ್ದ ಅಪ್ಪಯ್ಯನ ಕಡೆ ತಿರುಗಿದರು. ಕೈ ಮುಟ್ಟಿ ನೋಡುವ ಅಗತ್ಯ ಕಾಣಲಿಲ್ಲ.

"ಗೌಡ್ರೇ, ಈ ಮನೇಲಿ ಎರಡೂ ಹೆಬ್ಬೆಟ್ಟಿಗೆ ಪೆಟ್ಟೇ ಬೀಳದೋರು ನೀವೊಬ್ಬರೇ. ಇವಳಿಗೆ ನಾಳೆ ಮತ್ತೆ ಪ್ಲಾಸ್ಟರ್ ಹಾಕಿಸ್ತೀನಿ. ಅದು ಬಿಚ್ಚೋ ತನಕ ಹಾಲು ಕರೆಯೋದು ಯಾರು ಅಂತ ನೀವೇ ಹೇಳಿ."

ನಮ್ಮ ಅಪ್ಪಯ್ಯನನ್ನು ಆ ಧಾಟಿಯಲ್ಲಿ ಯಾರಾದರೂ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಅವನು ಅಂಗಳ ನೋಡಿದ, ನನ್ನ ಕೈ ನೋಡಿದ, ಅಮ್ಮನ ಕೈಯನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದ. ಎದ್ದು ಚೊಂಬು ತಗೊಂಡು ಕೊಟ್ಟಿಗೆಗೆ ನಡೆದ. ಮೊದಲ ದಿನ ಹಸು ಒದ್ದು, ಚೊಂಬಿನ ತಳ ಮುಚ್ಚುವಷ್ಟೂ ಹಾಲು ಬರಲಿಲ್ಲ. ಅಮ್ಮ ನಗು ತಡೆಯಲಾರದೆ ಒಳಗೆ ಹೋದಳು. ಟೀಚರು ಮಾತ್ರ ಗಂಭೀರವಾಗಿಯೇ ಇದ್ದು, ನಾಳೆ ಅಭ್ಯಾಸ ಆಗುತ್ತದೆ ಬಿಡಿ ಎಂದು ನಮ್ಮನ್ನು ಹುರಿದುಂಬಿಸುವ ಹಾಗೆಯೇ ಅವನಿಗೂ ಹೇಳಿ ಬಸ್ಸಿಗೆ ಹೊರಟರು.

ಆಮೇಲೆ ಅವರು ವಾರಕ್ಕೊಮ್ಮೆ ಬಂದು ಪ್ಲಾಸ್ಟರ್ ಇದೆಯೋ ಇಲ್ಲವೋ ನೋಡಿ ಹೋಗುತ್ತಿದ್ದರು. ಅದನ್ನು ಡಾಕ್ಟರೇ ಬಿಚ್ಚಿದರು. ನನ್ನ ಬೆರಳು ಗಟ್ಟಿಯಾಯಿತು. ಅಪ್ಪಯ್ಯ ಹಾಲು ಕರೆಯುವುದನ್ನು ಬಿಡಲೇ ಇಲ್ಲ. ಕೇಳಿದವರಿಗೆ, ಬೇರೆಯವರು ಕೂತರೆ ಹಸು ಸೊರ ಬಿಟ್ಟು ಹಾಲು ಇಳಿಸುವುದಿಲ್ಲ ಎಂದು ಹೇಳಿಕೊಂಡು ತಿರುಗಿದ. ಅಮ್ಮನ ಬೆರಳು ಮಾತ್ರ ಹಾಗೇ ಉಳಿಯಿತು, ಅದಕ್ಕೆ ಕಾಲ ಮೀರಿತ್ತು.

ನಾನು ನರ್ಸಿಂಗ್ ಓದಿ ಶಿವಮೊಗ್ಗದ ಒಂದು ಆಸ್ಪತ್ರೆಯ ಪ್ಲಾಸ್ಟರ್ ಕೋಣೆಗೆ ಸೇರಿದೆ. ಅಲ್ಲಿ ಗಂಡಸರು ಹೆಬ್ಬೆರಳು ಹಿಡಿದುಕೊಂಡು ಅವತ್ತೇ ಬರುತ್ತಾರೆ, ಜೊತೆಗೆ ಜನ ಇರುತ್ತಾರೆ, ಬಿದ್ದದ್ದು ಹೇಗೆ ಎಂಬ ಪೂರ್ತಿ ಕಥೆ ಇರುತ್ತದೆ. ಹೆಂಗಸರು ಮಗುವಿಗೆ ಜ್ವರ ಎಂದೋ ಅತ್ತೆಯ ಮಂಡಿನೋವು ಎಂದೋ ಬಂದು, ಹೊರಡುವಾಗ ಬಾಗಿಲಲ್ಲಿ ನಿಂತು ಇದೊಂದು ನೋಡಿ ಎನ್ನುತ್ತಾರೆ. ಪೆಟ್ಟು ಬಿದ್ದದ್ದು ಯಾವಾಗ ಎಂದರೆ ನೆನಪಿರುವುದಿಲ್ಲ. ಹೆಣ್ಣಿನ ಕೀಲೇ ಬೇರೆಯೋ ಏನೋ, ಬಲ್ಲವರು ಹೇಳಲಿ. ನನಗೆ ಕೀಲಿಗಿಂತ ಮುಂಚೆ ಕಾಣುವುದು ಬಚ್ಚಲ ಹಂಡೆಯ ಬಿಸಿನೀರು.

ಟೀಚರಿಗೆ ಕಾಯಿಲೆ ಎಂದು ಕೇಳಿ ನರಸಿಂಹರಾಜಪುರಕ್ಕೆ ಹೋದೆ. ತಮ್ಮನ ಮನೆಯ ಹೊರಕೋಣೆಯಲ್ಲಿ ಮಲಗಿದ್ದರು. ಮೈ ಇಳಿದುಹೋಗಿತ್ತು. ಸ್ವಲ್ಪ ಹೊತ್ತಿಗೆ ಕಣ್ಣು ಮುಚ್ಚಿಕೊಂಡೇ ನೀರಿನ ಬಾಟಲಿಯನ್ನು ನನ್ನ ಕಡೆ ಚಾಚಿ "ತೆಗಿ" ಎಂದರು. ಮುಚ್ಚಳ ತೆಗೆದುಕೊಟ್ಟೆ. ಅವರು ಬಾಟಲಿ ತೆಗೆದುಕೊಳ್ಳಲಿಲ್ಲ, ನನ್ನ ಹೆಬ್ಬೆರಳನ್ನು ಹಿಡಿದು ಉಳಿದಿದ್ದ ಶಕ್ತಿಯಲ್ಲಿ ಪಕ್ಕಕ್ಕೆ ಎಳೆದು ನೋಡಿದರು. ಆಮೇಲೆ ನೀರು ಕುಡಿದರು. ನನಗೆ ಅಳು ಬಂತು, ಅವರ ಎದುರೇ ಅತ್ತೆ.

ಅವರು ಹೋದ ಸುದ್ದಿ ಹೇಳಲು ಅಣ್ಣಯ್ಯ ಫೋನ್ ಮಾಡಿದಾಗ ನನ್ನ ಎರಡೂ ಕೈಗೆ ಹಸಿ ಪ್ಲಾಸ್ಟರ್ ಮೆತ್ತಿತ್ತು. ಆಯಾ ಬಂದು ಫೋನನ್ನು ನನ್ನ ಕಿವಿಗೆ ಹಿಡಿದಳು. ಎದುರಿಗೆ ಕೆರೆಕಟ್ಟೆ ಕಡೆಯ ಒಬ್ಬ ಹೆಂಗಸು ಬಲಗೈ ಚಾಚಿ ಕೂತಿದ್ದಳು. ಪ್ಲಾಸ್ಟರ್ ಗಟ್ಟಿಯಾಗುವ ಮುಂಚೆ ಕೆಲಸ ಮುಗಿಸಬೇಕು, ಬಿಟ್ಟು ಏಳುವ ಹಾಗಿಲ್ಲ. ಅವಳ ಹೆಬ್ಬೆರಳನ್ನು ಸರಿಯಾಗಿ ಕೂರಿಸಿ ಹಿಡಿದುಕೊಂಡೆ. ಕಣ್ಣೀರು ಒರೆಸಲು ಕೈ ಖಾಲಿ ಇರಲಿಲ್ಲ.

"ಮನೇಲಿ ಹಾಲು ಕರೆಯೋದು ಯಾರು?" ಎಂದು ಕೇಳಿದೆ.

"ನಾನೇ" ಎಂದಳು.

ಹೊರಗೆ ಬೆಂಚಿನ ಮೇಲೆ ಕೂತಿದ್ದ ಅವಳ ಗಂಡನನ್ನು ಒಳಗೆ ಕರೆಸಿದೆ.