ವಾಕಿಟಾಕಿಗೆ ಹಚ್ಚಿದ ಗಂಧ

ವಾಕಿಟಾಕಿ ಕಿರುಚುವುದರ ಹಿಂದೆ ದೊಡ್ಡ ವಿದ್ಯೆಯೇನೂ ಇಲ್ಲ. ಒಂದೇ ಚಾನಲ್ಲಿನ ಎರಡು ಸೆಟ್ಟುಗಳು ಹತ್ತಿರ ಹತ್ತಿರ ಇದ್ದು, ಒಂದರ ಮಾತಾಡುವ ಗುಂಡಿ ಒತ್ತಿಕೊಂಡಿದ್ದರೆ ಸಾಕು. ಇದರ ಮೈಕು ಹಿಡಿದದ್ದನ್ನು ಅದರ ಸ್ಪೀಕರ್ ಕೂಗುತ್ತದೆ, ಅದು ಕೂಗಿದ್ದನ್ನು ಇದರ ಮೈಕು ಮತ್ತೆ ಹಿಡಿಯುತ್ತದೆ. ಸುತ್ತಿ ಸುತ್ತಿ ಕೊನೆಗೆ ಕಿವಿ ಹರಿಯುವ ‘ಕುಂಯ್’ ಒಂದೇ ಉಳಿಯುತ್ತದೆ. ದೂರ ಸರಿದರೆ ನಿಲ್ಲುತ್ತದೆ, ಗುಂಡಿ ಬಿಟ್ಟರೂ ನಿಲ್ಲುತ್ತದೆ.

ಹೊಸೂರು ರಸ್ತೆಯ ನೆತ್ತಿಯ ಮೇಲೆ ಮೇಲ್ಸೇತುವೆ ಕಟ್ಟುತ್ತಿದ್ದ ವರ್ಷಗಳವು. ಎಲೆಕ್ಟ್ರಾನಿಕ್ ಸಿಟಿಯ ಒಂದು ಗಾಜಿನ ಕಟ್ಟಡದಲ್ಲಿ ನಾನು ಮೇಂಟೆನೆನ್ಸ್ ಟೆಕ್ನಿಷಿಯನ್. ಸೆಕ್ಯುರಿಟಿಯವರ ಹನ್ನೆರಡು ವಾಕಿಟಾಕಿಗಳೂ ನನ್ನ ಸುಪರ್ದಿಯಲ್ಲಿದ್ದವು. ಆಯುಧಪೂಜೆಗೆ ಮುಂಚೆ ನಮ್ಮ ಮ್ಯಾನೇಜರ್ ಕರೆದು, “ಪೂಜೆ ಗೀಜೆ ಎಲ್ಲ ಜನರೇಟರ್‌ಗೆ ಮಾಡ್ಕೊಳಿ ಕಣ್ರೀ. ಎಲೆಕ್ಟ್ರಾನಿಕ್ಸ್ ಐಟಂ ಒಂದನ್ನೂ ಮುಟ್ಬೇಡಿ,” ಅಂದಿದ್ದರು. ನನಗೆ ಉರಿದುಹೋಯಿತು. ಅನ್ನ ಕೊಡುವ ಸಾಮಾನಿಗೆ ವರ್ಷಕ್ಕೊಂದು ದಿನ ಕುಂಕುಮ ಇಡಬೇಡ ಅನ್ನಲು ಇವರ್ಯಾರು? ಅವರು ರಜೆ ಹಾಕಿದ ದಿನ ಹನ್ನೆರಡು ಸೆಟ್ಟುಗಳನ್ನೂ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಗಂಧ ಕಲಸಿ, ಒಂದೊಂದರ ಮೈಗೂ ಧಾರಾಳವಾಗಿ ಬಳಿದು ಕುಂಕುಮ ಇಟ್ಟೆ. ಆಂಟೆನಾಗೊಂದು ಸೇವಂತಿಗೆ ಸಿಕ್ಕಿಸಿದೆ. ಗಾರ್ಡ್‌ಗಳು ಕೈಮುಗಿದು ಕಡ್ಲೆಪುರಿ ತಿಂದರು. ಮ್ಯಾನೇಜರನ್ನು ಗೆದ್ದೆ ಎಂದು ಒಳಗೊಳಗೇ ಬೀಗಿದೆ.

ಹಬ್ಬ ಕಳೆದ ಮೂರನೇ ದಿನ ಕಿರುಚಾಟ ಶುರುವಾಯಿತು. ಒಂದು ಹೊತ್ತು ಇರುತ್ತಿತ್ತು, ನಾನು ಹೋಗಿ ನೋಡುವಷ್ಟರಲ್ಲಿ ನಿಂತಿರುತ್ತಿತ್ತು. ಬ್ಯಾಟರಿ ಬದಲಿಸಿದೆ, ಚಾನಲ್ ಬದಲಿಸಿದೆ, ಹತ್ತು ಹೆಜ್ಜೆ ದೂರ ನಿಲ್ಲಿ ಎಂದು ಗಾರ್ಡ್‌ಗಳಿಗೆಲ್ಲ ಪಾಠ ಹೇಳಿದೆ. ಗುಂಡಿ ಒತ್ತಿದವರು ಯಾರು ಅಂದರೆ ಹನ್ನೆರಡು ಜನವೂ ನಾನಲ್ಲ ಅನ್ನುವವರೇ. ಪೂಜೆ ಮಾಡಿದ ಸಾಮಾನಿನಲ್ಲಿ ಪೂಜೆಯದೇ ದೋಷ ಇರಬಹುದು ಎಂದು ನನ್ನ ದಡ್ಡ ತಲೆಗೆ ಹೊಳೆಯಲಿಲ್ಲ. ಕೊನೆಗೆ ಅದು ಕಿರುಚಬಾರದ ಜಾಗದಲ್ಲಿ ಕಿರುಚಿತು. ಹೊರದೇಶದ ಕ್ಲೈಂಟುಗಳಿಗೆ ಲಾಬಿಯಲ್ಲಿ ಹಾರ ಹಾಕುತ್ತಿದ್ದರು. ಬಂದವರು ಕಿವಿ ಮುಚ್ಚಿಕೊಂಡರು.

ಅವರು ಲಿಫ್ಟ್ ಹತ್ತಿದ ಮೇಲೆ ಮ್ಯಾನೇಜರ್ ನನ್ನನ್ನು ಲಾಬಿಗೆ ಕರೆಸಿದರು. ಓಡಿಹೋದೆ. ಗುಂಡಿ ಒತ್ತಿಕೊಂಡಿರುವ ಸೆಟ್ಟಿನ ತಲೆಯ ಮೇಲೆ ಕೆಂಪು ದೀಪ ಉರಿಯುತ್ತದೆ. ಬಾಗಿಲಲ್ಲಿ ನಿಂತಿದ್ದ ಗಾರ್ಡ್ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಸೆಟ್ಟಿನ ದೀಪ ಉರಿಯುತ್ತಿತ್ತು. “ಇದೇ ಸಾರ್,” ಎಂದು ಬೆರಳು ತೋರಿಸಿದವನು ನಾನೇ. ಪತ್ತೆ ಹಚ್ಚಿದೆನಲ್ಲ ಎಂಬ ಖುಷಿ ಬೇರೆ.

ಆ ಗಾರ್ಡ್ ಯಾದಗಿರಿ ಕಡೆಯವರು. ಕಟ್ಟಡದ ಸೆಂಟ್ರಿಂಗ್ ಕೆಲಸದಲ್ಲಿ ಮೇಲಿಂದ ಬಿದ್ದು ಸೊಂಟ ಹೋಗಿತ್ತು, ಭಾರ ಎತ್ತುವ ಯಾವ ಕೆಲಸವೂ ಅವರಿಂದ ಆಗುತ್ತಿರಲಿಲ್ಲ. ಹೆಬ್ಬಗೋಡಿಯ ಒಂದು ರೂಮಿನಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಈ ಯೂನಿಫಾರ್ಮ್ ಒಂದು ಹೋದರೆ ನನ್ನನ್ನು ಕೇಳುವವರು ಯಾರೂ ಇಲ್ಲ ಎಂದು ಅವರೇ ನನ್ನ ಹತ್ತಿರ ಹೇಳಿಕೊಂಡಿದ್ದರು. ನನಗಿಂತ ಹದಿನೈದು ವರ್ಷ ದೊಡ್ಡವರು, ಆದರೂ ನನ್ನನ್ನು ‘ಸರ’ ಅನ್ನುತ್ತಿದ್ದರು.

“ಗುಂಡಿ ಒತ್ಕೊಂಡೇ ನಿಂತಿದೀಯಲ್ಲ, ನಿದ್ದೆ ಮಾಡ್ತಿದ್ದಾ?” ಮ್ಯಾನೇಜರ್ ಹಲ್ಲು ಕಡಿದರು.

“ಇಲ್ರೀ ಸಾಹೇಬ್ರ, ನಾ ಒತ್ತಿಲ್ಲರೀ. ಇದನ್ನ ದೇವ್ರಂಗ ಇಟ್ಕೊಂಡೀನ್ರೀ. ನೋಡ್ರಿಲ್ಲೆ, ಪೂಜಿ ಮಾಡಿದ ಗಂಧಾನೂ ಒರಸಿಲ್ಲ. ಉಳದವ್ರೆಲ್ಲ ಅವತ್ತ ಒರಸಿಬಿಟ್ರು.” ಸೆಟ್ಟನ್ನು ನನ್ನ ಕೈಗೆ ಕೊಟ್ಟರು. “ನೀವರ ಹೇಳ್ರಿ ಸರ.”

ನೋಡಿದೆ. ನಾನು ಬಳಿದ ಗಂಧ ಒಣಗಿ ಬದಿಯ ರಬ್ಬರ್ ಗುಂಡಿಯ ಸುತ್ತ ಗಾರೆಯ ಹಾಗೆ ಗಟ್ಟಿಯಾಗಿತ್ತು. ಒಮ್ಮೆ ಒತ್ತಿದರೆ ಗುಂಡಿ ಒಳಗೇ ಕಚ್ಚಿಕೊಳ್ಳುತ್ತಿತ್ತು. ಭಕ್ತಿ ಇಲ್ಲದವರ ಹನ್ನೊಂದು ಸೆಟ್ಟುಗಳು ಚೆನ್ನಾಗಿದ್ದವು, ಭಕ್ತಿಯಿಂದ ಒರೆಸದೆ ಬಿಟ್ಟವರದು ಕೆಟ್ಟಿತ್ತು.

“ಯಾವ ಪೂಜೆ? ಯಾರು ಹಚ್ಚಿದ್ದು ಇದನ್ನ?” ಎಂದು ಮ್ಯಾನೇಜರ್ ಕೇಳಿದರು.

ಆ ಮನುಷ್ಯ ನನ್ನ ಕಡೆ ನೋಡಿದರು. ನನ್ನನ್ನು ತೋರಿಸಲಿಲ್ಲ. ನಾನೇ ಹೇಳುತ್ತೇನೆ ಎಂದು ಕಾದರು. ನಾನು ಸೆಟ್ಟನ್ನು ತಿರುಗಿಸಿ ಮುರುಗಿಸಿ ನೋಡುತ್ತಾ, “ಬಿಚ್ಚಿ ನೋಡ್ಬೇಕು ಸಾರ್,” ಅಂದೆ. ಗಂಧ ಕಣ್ಣಿಗೆ ಬಿದ್ದದ್ದು ಅದೊಂದರ ಮೇಲೆಯೇ ಆದ್ದರಿಂದ ಹಚ್ಚಿದ್ದೂ ಆ ಗಾರ್ಡೇ ಎಂದುಕೊಂಡ ಮ್ಯಾನೇಜರ್ ಮತ್ತೆ ಕೇಳಲಿಲ್ಲ. ಅಲ್ಲೇ ನಿಂತು ಗಾರ್ಡ್‌ಗಳನ್ನು ಕಳಿಸುವ ಏಜೆನ್ಸಿಗೆ ಫೋನ್ ಮಾಡಿ, ನಾಳೆಯಿಂದ ಇವನನ್ನು ಕಳಿಸಬೇಡಿ ಎಂದರು.

ಆ ತಿಂಗಳು ನನ್ನ ಕೆಲಸ ಖಾಯಂ ಆಗುವುದಿತ್ತು. ಬಾಯಿ ಬಿಡದಿದ್ದುದಕ್ಕೆ ಅದೇ ಕಾರಣ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಹೆದರಿದೆ, ಅಷ್ಟೇ. ಬೆನ್ನ ಹಿಂದೆ ಹುಲಿಯಾಗುವ ನನ್ನಂಥವನು ಎದುರಿಗೆ ನಿಂತಾಗ ಇಲಿ. ಅವತ್ತು ಸೆಟ್ಟನ್ನು ನನ್ನ ಬೆಂಚಿಗೆ ತಂದು, ಸ್ಪಿರಿಟ್ಟಿನಲ್ಲಿ ಹಳೇ ಟೂತ್‌ಬ್ರಷ್ ಅದ್ದಿ ಉಜ್ಜಿದೆ. ಹತ್ತು ನಿಮಿಷದಲ್ಲಿ ಗುಂಡಿ ಸಲೀಸಾಯಿತು.

ಮಾರನೆಯ ದಿನ ಮಧ್ಯಾಹ್ನ ಅವರು ಯೂನಿಫಾರ್ಮ್ ಮಡಿಸಿಕೊಂಡು ವಾಪಸು ಕೊಡಲು ಬಂದರು. ನನ್ನ ಬೆಂಚಿನ ಹತ್ತಿರವೂ ಬಂದರು.

“ಏನಾಗಿತ್ರೀ ಸರ ಅದಕ್ಕ?”

“ಬಟನ್ ಹಳೇದಾಗಿತ್ತು.”

“ಅಂದ್ರ ನಂದೇನ್ ತಪ್ಪಿಲ್ಲಲ್ರೀ?” ಅವರ ಮುಖ ಅರಳಿತು. “ಅದೊಂದ್ ಮಾತ ಸಾಹೇಬ್ರಿಗಿ ಹೇಳ್ತೀರೇನ್ರೀ? ನೀವ್ ಹೇಳಿದ್ರ ಕೇಳ್ತಾರ.”

“ಹೇಳ್ತೀನಿ,” ಅಂದೆ. ಅವರು ಎರಡೂ ಕೈ ಎತ್ತಿ ಮುಗಿದು, ಗೇಟಿನ ಹೊರಗೆ ಕಾಯುತ್ತೇನೆ ಎಂದು ಹೋದರು.

ನಾನು ಹೇಳಬೇಕೆಂದೇ ಮ್ಯಾನೇಜರ ಕ್ಯಾಬಿನ್‌ಗೆ ಹೋದೆ. ಅವರು ತುಂಬಾ ಖುಷಿಯಲ್ಲಿದ್ದರು.

“ನೋಡಿದ್ರಾ, ಅವನು ಹೋದ, ಸದ್ದೂ ಹೋಯ್ತು. ನಾನ್ ಹೇಳ್ಲಿಲ್ವಾ?”

“ಹೌದು ಸಾರ್,” ಅಂದೆ.