ತೀರ್ಥ ಮೊದಲು, ಪ್ರಸಾದ ಆಮೇಲೆ

ನನಗೆ ಸಿಟ್ಟು ಬೇಗ ಬರುತ್ತದೆ. ಅದಕ್ಕೆ ಮಸ್ಕಿಯ ಬಿಸಿಲು ಕಾರಣ ಎಂದು ನಾನು ಹೇಳುತ್ತೇನೆ, ನನ್ನ ತವರುಮನೆ ಕಾರಣ ಎಂದು ನನ್ನ ಅತ್ತೆ ಹೇಳುತ್ತಾರೆ. ಆದರೆ ಸಿಂಧನೂರಿನ ಆಸ್ಪತ್ರೆಯಿಂದ ಫೋನ್ ಬಂದ ದಿನ ನನಗೆ ಬಂದ ಸಿಟ್ಟು ಮಾತ್ರ ಪೂರಾ ನ್ಯಾಯದ್ದು.

ನನ್ನ ಆರು ವರ್ಷದ ಮಗಳ ಕುತ್ತಿಗೆಯಲ್ಲಿ ಗಂಟೆದ್ದು, ಅದು ಟಿಬಿ ಎಂದು ಗೊತ್ತಾಗಿ, ಗುಳಿಗೆ ಶುರುವಾಗಿತ್ತು. ನೀರಿಗೆ ಹಾಕಿದರೆ ತಾನೇ ಕರಗುವ ಗುಳಿಗೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕುಡಿಸಬೇಕು, ಆಮೇಲೂ ಒಂದು ತಾಸು ಏನೂ ತಿನ್ನಿಸಬಾರದು. ನಾನು ಒಂದು ದಿನವೂ ತಪ್ಪಿಸಿರಲಿಲ್ಲ. ಆದರೂ ಗಂಟು ಇಳಿಯಲೊಲ್ಲದು, ಸಂಜೆಯ ಜ್ವರ ಬಿಡಲೊಲ್ಲದು. ಔಷಧ ಮೈಗೆ ಎಷ್ಟು ಹತ್ತುತ್ತಿದೆ ನೋಡೋಣ ಎಂದ ಡಾಕ್ಟರು, ಒಂದು ಬೆಳಿಗ್ಗೆ ನಮ್ಮನ್ನು ಕರೆಸಿ, ನರ್ಸಮ್ಮನ ಎದುರಿಗೇ ಗುಳಿಗೆ ಕುಡಿಸಿ, ಎರಡು ತಾಸು ಬಿಟ್ಟು ರಕ್ತ ತೆಗೆಸಿ ದೂರದ ದೊಡ್ಡ ಲ್ಯಾಬಿಗೆ ಕಳಿಸಿದರು. ಅದರ ಉತ್ತರವೇ ಆ ಫೋನು. ರಕ್ತದಲ್ಲಿ ಇರಬೇಕಾದ ಔಷಧದ ಅರ್ಧವೂ ಇರಲಿಲ್ಲವಂತೆ.

"ಮನ್ಯಾಗ ದಿನಾ ಕೊಡಾಕತ್ತೀರಿಲ್ಲೋ?" ಎಂದು ನರ್ಸಮ್ಮ ಎಳೆದು ಕೇಳಿದಳು. ಆ ಎಳೆತದಲ್ಲೇ ಅನುಮಾನವಿತ್ತು. ನನಗೆ ಮೈಯೆಲ್ಲಾ ಉರಿಯಿತು.

ಮರುದಿನ ಸಾಕ್ಷಿ ಸಮೇತ ಹೋದೆ. ಈ ಔಷಧ ಕುಡಿದರೆ ಉಚ್ಚೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ ಎಂದು ಅವರೇ ಮೊದಲು ಹೇಳಿದ್ದರು. ಮಗಳದನ್ನು ಒಂದು ಖಾಲಿ ಶರಬತ್ತಿನ ಬಾಟಲಿಗೆ ತುಂಬಿಸಿ, ಬಿಗಿಯಾಗಿ ಮುಚ್ಚಳ ಹಾಕಿ, ಒಯ್ದು ಡಾಕ್ಟರ ಮೇಜಿನ ಮೇಲೆ ಟಪ್ಪೆಂದು ಇಟ್ಟೆ. ಡಾಕ್ಟರ ಮುಖ ಅರಳಿತು.

"ಅಯ್ಯ, ಇದೆಲ್ಲಾ ಯಾಕ್ ತರಾಕ್ ಹೋದ್ರೀ ತಾಯಿ? ನನಗ ಶುಗರ್ ಅದ, ಶರಬತ್ತು ಕುಡಿಯಂಗಿಲ್ಲ."

"ಶರಬತ್ತಲ್ರೀ ಸಾಹೇಬ್ರ, ಸಾಕ್ಷಿ," ಎಂದೆ.

ಅವರ ಕೈ ಬಾಟಲಿಯ ಹತ್ತಿರ ಹೋದದ್ದು ಹಾಗೇ ನಿಂತಿತು. ಮಗಳು ಕಿಸಕ್ಕೆಂದಳು. ಡಾಕ್ಟರು ಒಳ್ಳೆಯವರು, ಬೈಯಲಿಲ್ಲ. ಕುಡಿಸಿದ್ದು ಖರೆ, ಆದರೆ ಹೊಟ್ಟೆಗೆ ಹೋದದ್ದೆಲ್ಲ ರಕ್ತಕ್ಕೆ ಹೋಗಬೇಕೆಂದಿಲ್ಲ ಎಂದು ಬಿಡಿಸಿ ಹೇಳಿದರು.

"ಗುಳಿಗಿಗಿಂತ ಮೊದಲ ಏನರ ತಿಂತಾಳೇನು?"

"ಒಂದ್ ಅಗಳೂ ಇಲ್ರೀ," ಎಂದೆ ನಾನು.

"ಊಟಾ ಅಂತೂ ಹಾಕಂಗಿಲ್ರೀ," ಎಂದರು ಪಕ್ಕದಲ್ಲಿದ್ದ ಅತ್ತೆ.

ಇನ್ನೊಂದು ಸಲ ರಕ್ತ ನೋಡೋಣ, ಆಗಲೂ ಹೀಗೇ ಬಂದರೆ ದೊಡ್ಡಾಸ್ಪತ್ರೆಯಲ್ಲಿ ತಿಂಗಳೊಪ್ಪತ್ತು ಇಟ್ಟುಕೊಂಡು ಬೇರೆ ಔಷಧ ಶುರು ಮಾಡಬೇಕಾದೀತು ಎಂದರು ಡಾಕ್ಟರು. ಮಗಳ ನಗು ನಿಂತಿತು. ಅವಳು ನನ್ನ ಸೆರಗು ಹಿಡಿದುಕೊಂಡದ್ದನ್ನು ಮಸ್ಕಿ ಬಸ್‌ಸ್ಟ್ಯಾಂಡಿನವರೆಗೂ ಬಿಡಲಿಲ್ಲ.

ಕಳ್ಳತನ ಸಿಕ್ಕಿದ್ದು ಅದಾದ ಎರಡನೇ ಬೆಳಿಗ್ಗೆ. ಹಿತ್ತಲಲ್ಲಿ ಎಮ್ಮೆ ಹಿಂಡಿ ಒಳಗೆ ಬಂದು, ಗುಳಿಗೆ ಕರಗಿಸಿ, ಮಗಳ ಗದ್ದ ಹಿಡಿದೆತ್ತಿದರೆ ಅವಳ ಮೇಲ್ದುಟಿ ಮಿಣಮಿಣ ಹೊಳೆಯುತ್ತಿದೆ. ಬೆರಳಿಂದ ಒರೆಸಿ ಮೂಸಿದೆ. ಬೆಣ್ಣೆ!

"ಏನ್ ತಿಂದೀಯಲೇ?"

"ತಿಂದಿಲ್ಲವ್ವಾ. ಪ್ರಸಾದಾ ಅದು."

ನಮ್ಮತ್ತೆ ನಸುಕಿನಲ್ಲೆದ್ದು, ಮಿಂದು, ವಿಭೂತಿ ಧರಿಸಿ ಲಿಂಗಪೂಜೆಗೆ ಕೂಡುವವರು. ದಿನವೂ ಬೆಣ್ಣೆಸಕ್ಕರೆಯ ಎಡೆ. ಪೂಜೆ ಮುಗಿದ ಮೇಲೆ, ನಾನು ಹಿತ್ತಲಲ್ಲಿ ಎಮ್ಮೆ ಹಿಂಡುವ ಹೊತ್ತಿಗೆ, ಅದರಲ್ಲಿ ನಿಂಬೆಹಣ್ಣಿನಷ್ಟು ಮೊಮ್ಮಗಳ ಬಾಯಿಗೆ. ಗುಳಿಗೆ ಶುರುವಾದಾಗಿನಿಂದ ಮರುಕಕ್ಕೆ ಅದು ಕಿತ್ತಳೆಯಷ್ಟಾಗಿತ್ತು. ರಕ್ತ ಕೊಡಲು ಹೋದ ದಿನವೂ ಎಲೆಯಲ್ಲಿ ಸುತ್ತಿ, ಸೆರಗಿನಲ್ಲಿ ಕಟ್ಟಿಕೊಂಡು ಬಂದು, ನಾನು ಟಿಕೇಟಿನ ಚಿಲ್ಲರೆಗೆ ಕಂಡಕ್ಟರನೊಂದಿಗೆ ಜಗಳ ಮಾಡುವಾಗ ತಿನ್ನಿಸಿದ್ದರಂತೆ.

"ಖಾಲಿ ಹೊಟ್ಟಿ ಅಂತ ಡಾಕ್ಟರ್ ಬಡಕೊಂಡ್ರಲ್ರೀ ಅತ್ತಿ!"

"ಖಾಲಿನಽ ಐತಿ. ಪ್ರಸಾದಕ್ಕ ಊಟಾ ಅಂತಾರೇನ ಬೇ? ಅದೂ ಉಷ್ಣದ ಗುಳಿಗಿ, ಕೂಸಿನ ಕರುಳು ಸುಟ್ಟಾವು."

"ಮಠದಾಗ ಸಾಲಾಗಿ ಕೂಡಿಸಿ ಹುಗ್ಗಿ, ಅನ್ನ, ಸಾರು ನೀಡ್ತಾರಲ್ರೀ, ಅದಕೂ ಪ್ರಸಾದ ಅಂತಾರ. ಅದನ್ನ ಉಂಡು ಬಂದು ಊಟಾ ಆಗಿಲ್ಲ ಅಂತೀರೇನು?"

"ಅದು ಬ್ಯಾರೆ."

"ಹೆಂಗ ಬ್ಯಾರೆ?"

"ಬ್ಯಾರೆ ಅಂದ್ರ ಬ್ಯಾರೆ."

ಲಿಂಗಸುಗೂರಿನ ಗೊಬ್ಬರದಂಗಡಿಯಲ್ಲಿ ಕೆಲಸ ಮಾಡುವ ನನ್ನ ಗಂಡ ಬುತ್ತಿ ಎತ್ತಿಕೊಂಡು, ದಿನದ ಬಸ್ಸಿಗಿಂತ ಮೊದಲಿನ ಬಸ್ಸಿಗೇ ಓಡಿದರು. ಮನೆಯಲ್ಲಿ ಯುದ್ಧವೆದ್ದಾಗಲೆಲ್ಲ ಅವರಿಗೆ ಅಂಗಡಿಯಲ್ಲಿ ಲೋಡು ಬಂದಿರುತ್ತದೆ.

ನಾನು ಕೂಗಾಡಿದೆ, ಅತ್ತೆ ಅತ್ತರು. ಪ್ರಸಾದ ಬೇಡ ಎನ್ನುವ ಮನೆಯಲ್ಲಿ ತಾನು ನೀರೂ ಮುಟ್ಟುವುದಿಲ್ಲ ಎಂದು ಗೋಡೆಗೆ ಮುಖ ಮಾಡಿ ಕುಳಿತರು. ಜೋರಿನಿಂದ ಇವರನ್ನು ಗೆದ್ದವರಿಲ್ಲ ಎಂದು ಆಗ ಹೊಳೆಯಿತು. ದನಿ ತಗ್ಗಿಸಿ ಹತ್ತಿರ ಕುಳಿತೆ.

"ಅತ್ತಿ, ಗುಡಿಯಾಗ ಮೊದಲ ಏನ್ ಕೊಡ್ತಾರ?"

"ತೀರ್ಥ," ಎಂದರು ಗೋಡೆಗೇ.

"ಪ್ರಸಾದ?"

"ಆಮ್ಯಾಲೆ. ಇಷ್ಟೂ ತಿಳೀವಲ್ದೇನು ನಿನಗ?"

"ಹಂಗಾರ ಈ ಬಟ್ಟಲ ಔಷಧ ತೀರ್ಥ ಅಂತ ತಿಳೀರಿ. ಮೊದಲ ನೀವಽ ಕುಡಸ್ರಿ. ತಾಸು ಬಿಟ್ಟು ಪ್ರಸಾದಾ ಕೊಡ್ರಿ, ಬೇಕಾದ್ರ ತೆಂಗಿನಕಾಯಿಯಷ್ಟು ಕೊಡ್ರಿ."

ಅತ್ತೆ ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಭಾಳ ಶಾಣ್ಯಾಕಿ ಇದ್ದಿ," ಎಂದರು. ಅದು ಬೈಗುಳವೇ, ಆದರೂ ನಾನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಮರುದಿನ ಪೂಜೆಯ ಜಾಗದಲ್ಲಿ ಹಿತ್ತಾಳೆ ಬಟ್ಟಲು ಬೇಡವೆಂದು ಸ್ಟೀಲಿನದು ತೊಳೆದಿಟ್ಟು, ಅದರಲ್ಲಿ ಕಿತ್ತಳೆ ನೀರು, ಪಕ್ಕದಲ್ಲಿ ಹೂವು. ಮಗಳು ತೀರ್ಥಕ್ಕೆಂದು ಬಲಗೈಯನ್ನು ಆಕಳ ಕಿವಿಯಂತೆ ಮಡಿಸಿ ಒಡ್ಡಿದಳು. ಔಷಧ ಚೆಲ್ಲೀತೆಂದು ನಾನು ಚೀರಿದ್ದಕ್ಕೆ ಅತ್ತೆ ಬಟ್ಟಲಿಗೇ ಬಾಯಿ ಹಚ್ಚಿಸಿ ಕುಡಿಸಿದರು. ಕಷ್ಟವಾದದ್ದು ಆಮೇಲಿನ ತಾಸು. ಮೊಮ್ಮಗಳಿಗೆ ಕೊಡದೆ ಅತ್ತೆ ಪ್ರಸಾದ ಮುಟ್ಟುವುದಿಲ್ಲ, ಪ್ರಸಾದ ಮುಟ್ಟದೆ ಚಹಾ ಕುಡಿಯುವುದಿಲ್ಲ. ಚಹಾ ಇಲ್ಲದ ನಮ್ಮತ್ತೆ ಅಂದರೆ ಕೇಳಬೇಡಿ! ಗಡಿಯಾರಕ್ಕೆ ಬೈದರು, ಎಮ್ಮೆಗೆ ಬೈದರು, ಆ ಗುಳಿಗೆ ಮಾಡಿದವನ ವಂಶಕ್ಕೇ ಬೈದರು. ಆದರೆ ಒಂದು ದಿನವೂ ತಾಸಿಗೆ ಮೊದಲು ಎಡೆಯ ತಟ್ಟೆ ಎತ್ತಲಿಲ್ಲ.

ಮತ್ತೆ ರಕ್ತ ಕೊಟ್ಟು ಬಂದೆವು. ಉತ್ತರ ಬರುವವರೆಗೆ ಮನೆಯಲ್ಲಿ ಯಾರೂ ಯಾರ ಮೇಲೂ ರೇಗಲಿಲ್ಲ. ಅದೇ ಭಯ ಹುಟ್ಟಿಸುತ್ತಿತ್ತು. ಡಾಕ್ಟರು ಈ ಸಲ ನಮ್ಮನ್ನು ಕೂಡಿಸಿ, "ಎಷ್ಟಿರಬೇಕೋ ಅಷ್ಟದ ನೋಡ್ರಿ. ದೊಡ್ಡಾಸ್ಪತ್ರಿ ಬ್ಯಾಡ, ಇದಽ ಔಷಧ ಸಾಕು," ಎಂದು ಮಗಳ ಕುತ್ತಿಗೆ ಮುಟ್ಟಿ ನೋಡಿದರು. ಗಂಟು ಕರಗತೊಡಗಿತ್ತು. ನನಗೆ ಅಲ್ಲೇ ಅಳು ಬಂತು.

ಹೊರಗೆ ಬೆಂಚಿನ ಮೇಲೆ ಅತ್ತೆ ಮೆತ್ತಗಾಗಿ ಕುಳಿತಿದ್ದರು. ಮಗಳು ನಲ್ಲಿಯ ಹತ್ತಿರ ಆಡುತ್ತಿದ್ದಳು.

"ಹಂಗಾರ ಇಷ್ಟು ದಿನ ಅಕಿ ಔಷಧ ಕೆಡಿಸಿದಾಕಿ ನಾನಽ ಏನ ಬೇ?" ಎಂದರು.

ಇಂಥ ಒಂದು ಗಳಿಗೆಗಾಗಿ ನಾನು ಮದುವೆಯಾದಾಗಿನಿಂದ ಕಾದಿದ್ದೆ. ಹೌದು ಎನ್ನಲು ಬಾಯಿ ತೆರೆದೆ. ಬಂದ ಮಾತೇ ಬೇರೆ.

"ಆ ಬೆಣ್ಣಿ ಇಲ್ಲಂದ್ರ ಅಕಿ ಮೈಯಾಗ ಇಷ್ಟರ ಕಸುವು ಉಳೀತಿತ್ತೇನ್ರೀ ಅತ್ತಿ?"

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ನೆಟ್ಟಗೆ ಕುಳಿತರು.

"ಅದನ್ನಽ ನಾ ಮೊದಲಿಂದ ಹೇಳಾಕತ್ತೀನಿ," ಎಂದರು. "ನೀ ಕೇಳಬೇಕಲ್ಲ!"