ಗುಂಡುಕಲ್ಲಿನ ಮೇಲೆ ಹೊರಿಸಿದ ತಪ್ಪು

ಬೇವೂರಿನ ಅಂದಪ್ಪನಿಗೆ ಮಳೆ ಬಾರದಿದ್ದರೆ ಅಷ್ಟೇನೂ ದುಃಖವಾಗುತ್ತಿರಲಿಲ್ಲ. ಬಂದ ಮಳೆ ಗಿಡ್ಡಪ್ಪನ ಹೊಲದ ಮೇಲೂ ಸುರಿಯಿತಲ್ಲ ಎಂಬುದೇ ಅವನ ದುಃಖ. ಗಿಡ್ಡಪ್ಪ ಅವನ ಚಿಕ್ಕಪ್ಪನ ಮಗ, ಆರು ವರ್ಷಕ್ಕೆ ಕಿರಿಯ. ಎರಡು ಮನೆಗಳ ನಡುವೆ ಒಂದೇ ಗೋಡೆ, ಎರಡು ಹೊಲಗಳ ನಡುವೆ ಒಂದೇ ಬದು. ಗೋಡೆಯಾಚೆ ನಗು ಕೇಳಿದರೆ ಈಚೆ ಅಂದಪ್ಪ ಎತ್ತಿದ ತುತ್ತನ್ನು ತಾಟಿಗೇ ಇಡುತ್ತಿದ್ದ. ದಾಯಾದಿ ಮತ್ಸರ ಎಂದು ಊರವರು ನಗುತ್ತಿದ್ದರು. ನಗುವವರಿಗೇನು, ದಾಯಾದಿಗಳು ಅವರಿಗೂ ಇದ್ದರು. ಇವನಷ್ಟು ಬಾಯಿ ಬಿಟ್ಟು ಹೇಳುವ ಧೈರ್ಯ ಅವರಿಗಿರಲಿಲ್ಲ, ಅಷ್ಟೇ.

ಹಾಗೆಂದು ಅಂದಪ್ಪನನ್ನು ಕೈಲಾಗದವನು ಎನ್ನುವಂತಿಲ್ಲ. ನಾಗರ ಪಂಚಮಿಯ ದಿನ ಹನುಮಪ್ಪನ ಗುಡಿಯ ಮುಂದೆ ಗುಂಡುಕಲ್ಲು ಎತ್ತುವುದು ಆ ಊರಿನ ರೂಢಿ. ಹಿಡಿಯಲು ಒಂದು ಸಂದಿಲ್ಲದ, ತಲೆಮಾರುಗಳ ಕೈಯಲ್ಲಿ ಉಜ್ಜಿ ನುಣುಪಾದ ಕಲ್ಲು. ಅದನ್ನು ನೆಲದಿಂದ ತೊಡೆಗೆ, ತೊಡೆಯಿಂದ ಎದೆಗೆ, ಎದೆಯಿಂದ ಹೆಗಲಿಗೆ ತಂದು ಹಿಂದಕ್ಕೆ ಒಗೆದವನಿಗೆ ಗೌಡರು ತಾವೇ ರುಮಾಲು ಸುತ್ತುತ್ತಿದ್ದರು. ಮುಂದಿನ ಪಂಚಮಿಯವರೆಗೆ ಗುಡಿಕಟ್ಟೆಯ ಕಂಬಕ್ಕೆ ಬೆನ್ನು ಕೊಟ್ಟು ಕೂಡುವ ಹಕ್ಕು ಅವನದು. ನಾಲ್ಕು ವರ್ಷ ಆ ಕಂಬ ಅಂದಪ್ಪನದಾಗಿತ್ತು. ಕಾಲು ಜೋಮು ಹಿಡಿದರೂ ಅವನು ಅದನ್ನು ಬಿಟ್ಟು ಏಳುತ್ತಿರಲಿಲ್ಲ.

1936ರ ಪಂಚಮಿಯಲ್ಲಿಯೂ ಅವನು ಕಲ್ಲು ಎತ್ತಿ ಒಗೆದ. ಗೌಡರು ರುಮಾಲು ಬಿಚ್ಚುತ್ತಿದ್ದರು. ಅಷ್ಟರಲ್ಲಿ ಓರಗೆಯವರು ಗಿಡ್ಡಪ್ಪನನ್ನು ಮುಂದಕ್ಕೆ ದೂಡಿದರು. ಅವನು ಅದುವರೆಗೆ ಚಪ್ಪಾಳೆ ಹೊಡೆಯಲಷ್ಟೇ ಬರುತ್ತಿದ್ದವನು. ಒಲ್ಲೆ ಒಲ್ಲೆ ಎನ್ನುತ್ತಲೇ ಧೋತರ ಕಚ್ಚೆ ಬಿಗಿದ, ಬಗ್ಗಿದ, ಎತ್ತಿದ, ಒಗೆದ. ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ಜನ ಹುಚ್ಚೆದ್ದು ಕೇಕೆ ಹಾಕಿತು. ಅಂದಪ್ಪ ಮತ್ತೆ ಕಲ್ಲಿನ ಕಡೆ ನಡೆದ.

“ನಾ ಇನ್ನೊಮ್ಮೆ ಎತ್ತತೀನಿ” ಎಂದ.

“ಸಾಕು ಬಿಡೋ, ಇಬ್ರೂ ಗೆದ್ದೀರಿ” ಎಂದರು ಗೌಡರು.

ಇಬ್ಬರೂ! ಆ ಒಂದು ಮಾತು ಅವನಿಗೆ ಚೇಳು ಕುಟುಕಿದಂತಾಯಿತು. ಉಸಿರು ಬಿಗಿಹಿಡಿದು ಕಲ್ಲನ್ನು ಎದೆಯ ಮಟ್ಟಕ್ಕೆ ತಂದ. ಬಲತೊಡೆಯ ಸಂದಿಯಲ್ಲಿ ಏನೋ ಸರಕ್ಕನೆ ಜಾರಿತು. ಕಲ್ಲು ಕೈಬಿಟ್ಟಿತು. ಮನೆಗೆ ಬಂದು ನೋಡಿಕೊಂಡರೆ ಸಂದಿಯಲ್ಲಿ ನಿಂಬೆಹಣ್ಣಿನಷ್ಟು ಗಂಟು. ಮಲಗಿದರೆ ಒಳಗೆ ಹೋಗುತ್ತಿತ್ತು, ನಿಂತರೆ ಹೊರಗೆ ಬರುತ್ತಿತ್ತು.

ಕರುಳು ಇಳಿದಿದೆ ಎಂದು ನಾಟಿವೈದ್ಯ ಹೇಳಿದ. ಹೊಟ್ಟೆಕಿಚ್ಚಿಗೆ ಇಳಿದಿದೆ ಎಂದು ಊರು ಹೇಳಿತು. ಅಂದಪ್ಪ ಮಾತ್ರ ಬಂದವರ ಮುಂದೆಲ್ಲ ಒಂದೇ ಮಾತು ಹಿಡಿದ: “ಗಿಡ್ಡ್ಯಾ ನನಗ ಪೈಪೋಟಿ ಬರದಿದ್ರ ನಾ ಎರಡನೇ ಸಲ ಎತ್ತತಿದ್ದಿಲ್ಲ. ಅವನ ದೆಸೀಲಿಂದ ಹಿಂಗಾತು.” ಗೋಡೆಯಾಚೆಗೆ ಕೇಳಲೆಂದೇ ದೊಡ್ಡ ದನಿಯಲ್ಲಿ ಹೇಳುತ್ತಿದ್ದ.

ಗೋಡೆಯಾಚೆಗೆ ಕೇಳಿಸಿತು. ಪಂಚಮಿ ಕಳೆದ ನಾಲ್ಕನೆಯ ದಿನ ಗಿಡ್ಡಪ್ಪ ತನ್ನ ಎತ್ತು ಹೊಡೆದುಕೊಂಡು ನೇರ ಅಂದಪ್ಪನ ಹೊಲಕ್ಕೆ ಹೋದ. ಅದನ್ನು ಹರಗಿ ಮುಗಿಸಿ ಆಮೇಲೆ ತನ್ನ ಹೊಲಕ್ಕೆ ಇಳಿದ. ಆ ವರ್ಷವಷ್ಟೇ ಅಲ್ಲ, ಮುಂದೆ ಹತ್ತು ವರ್ಷ ಹಾಗೆಯೇ ನಡೆಯಿತು. ಅಂದಪ್ಪನ ಹೊಲ ಉತ್ತ, ಬಿತ್ತಿದ, ಕಣಕ್ಕೆ ಸೂಡು ಹೊತ್ತು ತಂದ. ಕಲ್ಲನ್ನಂತೂ ಮತ್ತೆ ಮುಟ್ಟಲಿಲ್ಲ. ಪ್ರತಿ ಪಂಚಮಿಗೂ ಜನ ಅವನ ಕೈ ಹಿಡಿದು ಜಗ್ಗುವುದು, ಅವನು ಒಮ್ಮೆ ಕಟ್ಟೆಯ ಕಡೆ ನೋಡಿ “ಒಲ್ಲೆ” ಎನ್ನುವುದು. ಅಂದಪ್ಪ ವರ್ಷವಿಡೀ ಮನೆ ಹಿಡಿದು ಕೂತರೂ ಆ ಒಂದು ದಿನ ನಸುಕಿನಲ್ಲೇ ಹೋಗಿ ಕಟ್ಟೆಯ ಮೇಲೆ ಜಾಗ ಹಿಡಿಯುತ್ತಿದ್ದ. ಆ “ಒಲ್ಲೆ” ಕೇಳಿದ ಮೇಲೆ ಮನೆಗೆ ಬಂದು ಪಂಚಮಿಯ ಉಂಡೆ ಎರಡು ಹೆಚ್ಚು ತಿನ್ನುತ್ತಿದ್ದ.

ಗಂಟಿಗೆ ಮಾಡದ ಉಪಚಾರವಿಲ್ಲ. ಎಣ್ಣೆ ತಿಕ್ಕಿದ್ದಾಯಿತು, ಬರೆ ಹಾಕಿಸಿದ್ದಾಯಿತು. ಕೊನೆಗೆ ಕಿನ್ನಾಳಕ್ಕೆ ಹೋಗಿ ಗೊಂಬೆ ಮಾಡುವ ಒಬ್ಬ ಮುದುಕನ ಕೈಯಲ್ಲಿ ಹಗುರ ಕಟ್ಟಿಗೆಯ ಬಿಲ್ಲೆಯೊಂದನ್ನು ಮಾಡಿಸಿಕೊಂಡು ಬಂದ. ಅದನ್ನು ಗಂಟಿನ ಮೇಲಿಟ್ಟು ಲಂಗೋಟಿ ಬಿಗಿದರೆ ಕರುಳು ಹೊರಗೆ ಬಾರದು. ಮುದುಕ ಕೈ ರೂಢಿಯ ಮೇಲೆ ಬಿಲ್ಲೆಗೆ ಕೆಂಪು ಹಳದಿ ಬಣ್ಣ ಹಚ್ಚಿ ಒಂದು ಹೂವನ್ನೂ ಬರೆದಿದ್ದ. “ಯಾರಿಗೆ ತೋರ್ಸಾಕ ಈ ಚಿತ್ರ?” ಎಂದು ಹೆಂಡತಿ ಶಿವಬಸಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. ಅಂದಪ್ಪ ಎರಡು ದಿನ ಅವಳೊಡನೆ ಮಾತು ಬಿಟ್ಟ.

ಹಗ್ಗ ಹೆಣೆದ ಹೊರಸಿನ ಮೇಲೆ ಕೂತು ಗಿಡ್ಡಪ್ಪನನ್ನು ನೋಡುವುದೇ ಅವನ ಕಸುಬಾಯಿತು. ತುಂಬಿದ ಜೋಳದ ಚೀಲವನ್ನು ಅವನು ಮೊಣಕಾಲಿಗೆ ಆನಿಸಿಕೊಂಡು ಒಂದೇ ಜಿಗಿತಕ್ಕೆ ಬೆನ್ನಿಗೇರಿಸಿಕೊಳ್ಳುತ್ತಿದ್ದ. ಅವನೂ ಮನುಷ್ಯ, ನಾನೂ ಮನುಷ್ಯ. ನನ್ನ ಕರುಳು ಇಳಿಯಿತು, ಅವನದು ಯಾಕೆ ಇಳಿಯಲಿಲ್ಲ? ಇಳಿಯಲಿ ಎಂದು ಅಂದಪ್ಪ ಹರಕೆ ಹೊರಲಿಲ್ಲ. ಇಳಿದರೆ ಬೇಡವೆನ್ನುತ್ತಲೂ ಇರಲಿಲ್ಲ. ಚಿಲುಮೆ ಸೇದುತ್ತ, ಕೆಮ್ಮುತ್ತ, ದಿನಾಲೂ ಅದನ್ನೇ ಯೋಚಿಸುತ್ತಿದ್ದ. ಈ ನಡುವೆ ಅವನ ತಾಯಿ ಮುದುಕಮ್ಮ ತೀರಿಕೊಂಡಳು.

1946ರ ಹೊತ್ತಿಗೆ ನಿಂಬೆಹಣ್ಣು ಬದನೆಕಾಯಿಯಾಗಿತ್ತು. ಶಿವಬಸಮ್ಮ ಹಟ ಹಿಡಿದಳು. ಗಿಡ್ಡಪ್ಪನೇ ಗಾಡಿ ಹೂಡಿದ. ಕೊಪ್ಪಳದಲ್ಲಿ ಖಾಸಗಿ ದವಾಖಾನೆ ಇಟ್ಟಿದ್ದ, ಕೊಯ್ದು ಹೊಲಿಯುವುದರಲ್ಲಿ ಹೆಸರಾದ ಒಬ್ಬ ಡಾಕ್ಟರ ಬಳಿಗೆ ಅವನನ್ನು ಕರೆತಂದು ತಾನು ಹೊರಗೆ ಬೇವಿನ ಗಿಡದ ಕೆಳಗೆ ಎತ್ತುಗಳಿಗೆ ಮೇವು ಹಾಕುತ್ತ ನಿಂತ.

ಡಾಕ್ಟರು ಗಂಟು ಮುಟ್ಟಿ ನೋಡಿದರು, ಕೆಮ್ಮಿಸಿ ನೋಡಿದರು. ಆಮೇಲೆ ಅವನ ಹೆಬ್ಬೆರಳನ್ನು ಹಿಡಿದು ಹಿಂದಕ್ಕೆ ಮಣಿಸಿದರು. ಅದು ಮಣಿಕಟ್ಟಿಗೆ ಹೋಗಿ ತಾಗಿತು. ಮೊಣಕೈಯ ಚರ್ಮ ಹಿಡಿದು ಎಳೆದರು. ಅದು ಸಡಿಲವಾಗಿ ಬಂತು.

“ನಿಮ್ಮಪ್ಪಗೂ ಹಿಂಗ ಗಂಟು ಇತ್ತೇನು?”

“ಎಲ್ಲೀದ್ರಿ ಸಾಹೇಬ್ರ. ನಾ ಕಲ್ಲು ಎತ್ತಿ ಕರುಳು ಇಳಿಸಿಕೊಂಡಾವ. ನಮ್ಮಪ್ಪ ಜೀವಮಾನದಾಗ ತುಂಬಿದ ಕೊಡಾನೂ ಎತ್ತಿದಾವಲ್ರಿ. ಕಟ್ಟಿ ಮ್ಯಾಲ ಕುಂತು ಪುರಾಣ ಓದಾವ.”

“ಕಲ್ಲು ಒಂದು ನೆಪ ತಮ್ಮಾ” ಎಂದರು ಡಾಕ್ಟರು. “ಹೊಟ್ಟೀನ ಹಿಡಿದಿಡಾಕ ಚರ್ಮದ ಕೆಳಗ ಒಂದು ಪದರ ಐತಿ, ಕಂಬಳಿ ಇದ್ದಂಗ ತಿಳಕೋ. ಎಳಿ ಎಳಿ ಕೂಡಿ ಆದದ್ದು. ಒಬ್ಬೊಬ್ಬರಿಗೆ ಹುಟ್ಟಾನ ಎಳಿ ಗಟ್ಟಿ, ಒಬ್ಬೊಬ್ಬರಿಗೆ ನಿನ್ನ ಹೆಬ್ಬೆರಳಿನಂಗ ಸಡ್ಲ. ಅದು ಮನೆತನದಾಗ ಬರ್ತೈತಿ. ಗಂಡಸರಿಗೆ ತೊಡಿಸಂದ್ಯಾಗ ಮೊದಲ ಒಂದು ದಾರಿ ಇರ್ತೈತಿ, ತಾಯಿ ಹೊಟ್ಯಾಗ ಇದ್ದಾಗ ಬೀಜ ಇಳಿದು ಬಂದ ದಾರಿ. ಅಲ್ಲಿ ಎಳಿ ಸೋತ್ರ ಕರುಳು ನುಗ್ಗತೈತಿ. ವಯಸ್ಸಾದಂಗ ಎಳಿ ಸೋಲತಾವ. ಕೆಮ್ಮು ಅದನ್ನ ನೂಕತೈತಿ. ಚಿಲುಮಿ ಹೊಗಿ ಅಂತೂ ಎಳೀನ ತಿಂದ ಹಾಕತೈತಿ.”

“ಅಂದ್ರ ಕಲ್ಲಿಂದ ಅಲ್ಲೇನ್ರಿ?”

“ಅವತ್ತು ಬರಲಿಲ್ಲ ಅಂದ್ರ ಇನ್ನೊಂದಿನ ಕೆಮ್ಮಿದಾಗ ಬರ್ತಿತ್ತು. ಭಾರ ಎತ್ತಿದವರಿಗೆಲ್ಲ ಹಿಂಗಾಗತಿದ್ರ ಗಂಗಾವತಿ ಹಮಾಲರೊಳಗ ಒಬ್ಬನೂ ನೆಟ್ಟಗ ನಡೀತಿದ್ದಿಲ್ಲ.”

ಅಂದಪ್ಪನಿಗೆ ಅಪ್ಪ ಯಾವಾಗಲೂ ಬಚ್ಚಲ ಕದ ಇಕ್ಕಿಕೊಂಡು ಮೀಯುತ್ತಿದ್ದದ್ದು ನೆನಪಾಯಿತು. ಸುಡುಬಿಸಿಲಿನಲ್ಲಿಯೂ ಧೋತರದೊಳಗೆ ಮಡಿಕೆ ಮಡಿಕೆಯಾಗಿ ಅರಿವೆ ಬಿಗಿಯುತ್ತಿದ್ದದ್ದು, ಕೆಮ್ಮು ಬಂದಾಗ ತೊಡೆಸಂದಿಗೆ ಕೈ ಒತ್ತಿಕೊಳ್ಳುತ್ತಿದ್ದದ್ದು ನೆನಪಾಯಿತು.

ಸತ್ಯ ತಿಳಿದ ಮನುಷ್ಯನಿಗೆ ಹಗುರಾಗಬೇಕು. ಇವನಿಗೆ ಸಂಕಟವಾಯಿತು. ಒಂದೇ ಅಜ್ಜನ ಮೊಮ್ಮಕ್ಕಳು. ಹೊಲ ಪಾಲಾದಾಗ ಬಾವಿಯ ಕಡೆಯ ಎರೆಭೂಮಿ ಗಿಡ್ಡಪ್ಪನಿಗೆ ಹೋಯಿತು, ಈಗ ನೋಡಿದರೆ ಗಟ್ಟಿ ಎಳೆಯೂ ಅವನ ಪಾಲಿಗೇ ಹೋಗಿದೆ! ಅದಕ್ಕಿಂತ ಕೆಟ್ಟದ್ದೆಂದರೆ, ಗಿಡ್ಡಪ್ಪನದು ಏನೂ ತಪ್ಪಿಲ್ಲ. ತಪ್ಪಿಲ್ಲವೆಂದು ಗೊತ್ತಾದರೆ ಅವನು ನಾಳೆಯೇ ತನ್ನ ಎತ್ತು ತನ್ನ ಹೊಲಕ್ಕೆ ಹೊಡೆಯುತ್ತಾನೆ. ಬರುವ ಪಂಚಮಿಗೆ ಕಲ್ಲು ಎತ್ತುತ್ತಾನೆ. ಜನ ಕೇಕೆ ಹಾಕುತ್ತದೆ.

“ಕೊಯ್ದು ಹೊಲಿತೀನಿ, ಹದಿನೈದು ದಿನ ಮಲಗಿದ್ರ ಆತು” ಎಂದರು ಡಾಕ್ಟರು. “ಹಂಗ ಬಿಟ್ರ ಒಂದಿನ ಕರುಳು ಸಿಕ್ಕೊಂಡು ಜೀವ ತಗೀತೈತಿ.”

“ಸುಗ್ಗಿ ಆದ ಮ್ಯಾಲ ಬರ್ತೀನ್ರಿ” ಎಂದ ಅಂದಪ್ಪ. ಸುಗ್ಗಿ ಮಾಡುವವನು ಗಿಡ್ಡಪ್ಪ. ಇವನಿಗೆ ಎಲ್ಲಿಯ ಸುಗ್ಗಿ? ಗಂಟು ಹೋದರೆ ಗಿಡ್ಡಪ್ಪನ ಮೇಲಿನ ಹಿಡಿತವೂ ಹೋಗುತ್ತದೆ ಎಂಬ ಲೆಕ್ಕ ಅದು. ಮೂಗು ಕೊಯ್ದುಕೊಂಡು ಎದುರಿನವನಿಗೆ ಅಪಶಕುನ ಮಾಡುವವರ ಕಥೆ ಕೇಳಿದ್ದೇವೆ. ಇವನು ಕರುಳನ್ನೇ ಪಣಕ್ಕಿಟ್ಟ.

ಗಾಡಿ ಊರ ದಾರಿ ಹಿಡಿಯಿತು. “ಏನಂದ್ರಣ್ಣ ಡಾಕ್ಟರು?” ಎಂದು ಗಿಡ್ಡಪ್ಪ ಕೇಳಿದ.

“ಏನಂತಾರ? ಅವತ್ತು ಎರಡನೇ ಸಲ ಕಲ್ಲು ಎತ್ತಿದ್ದಕ್ಕ ಆಗೈತಿ ಅಂದ್ರು.”

ಗಿಡ್ಡಪ್ಪ ಒಮ್ಮೆ ತಿರುಗಿ ನೋಡಿದ. ಎತ್ತಿನ ಬೆನ್ನು ತಟ್ಟಿದ. ದಾರಿಯುದ್ದಕ್ಕೂ ಕುಲುಕಾಟ ಕಡಿಮೆಯಾಗಲೆಂದು ಅವನು ಚಕ್ಕಡಿಯ ಗಾಲಿಗಳನ್ನು ಮೆತ್ತನೆಯ ಮಣ್ಣಿನಲ್ಲೇ ನಡೆಸಿಕೊಂಡು ಬಂದ.

ಸುಗ್ಗಿಯ ನಡುವೆಯೇ ಡಾಕ್ಟರ ಮಾತು ನಿಜವಾಯಿತು. ಒಂದು ಬೆಳಿಗ್ಗೆ ಕೆಮ್ಮಿನ ಭರಕ್ಕೆ ಇಳಿದ ಕರುಳು ಒಳಗೆ ಹೋಗಲೇ ಇಲ್ಲ. ಗಂಟು ಕಲ್ಲಾಯಿತು, ವಾಂತಿ ಹತ್ತಿತು. ಶಿವಬಸಮ್ಮ ಗೋಡೆ ಗುದ್ದಿ ಕೂಗಿದಳು. ಗಿಡ್ಡಪ್ಪ ಕಣದಲ್ಲಿ ಹರವಿದ ಜೋಳವನ್ನು ಹಾಗೇ ಬಿಟ್ಟು ಓಡಿ ಬಂದ. ಅಣ್ಣನನ್ನು ಎರಡೂ ಕೈಗಳಲ್ಲಿ ಎತ್ತಿ ಚಕ್ಕಡಿಯ ಹುಲ್ಲಿನ ಮೇಲೆ ಮಲಗಿಸಿದ. ಆ ನೋವಿನಲ್ಲಿಯೂ ಅಂದಪ್ಪನಿಗೆ ಅನ್ನಿಸಿದ್ದು ಒಂದೇ: ಎಷ್ಟು ಸಲೀಸಾಗಿ ಎತ್ತಿದ ನೋಡು.

ಅರ್ಧ ದಾರಿಯಲ್ಲಿ ಸಾವಿನ ಭಯ ಅವನನ್ನು ಗೆದ್ದಿತು. ಚಕ್ಕಡಿಯ ಗೂಟ ಹಿಡಿದು ತೊದಲಿದ: “ಗಿಡ್ಡ್ಯಾ, ಸುಳ್ಳು ಹೇಳಿದ್ದೆ. ಕಲ್ಲಿಂದ ಅಲ್ಲಂತ. ನಮ್ಮಪ್ಪನಿಂದ ಬಂದದ್ದಂತ. ನಿಂದೇನೂ ತಪ್ಪಿಲ್ಲ.”

“ಸುಮ್ಮನ ಮಲಕೋ ಅಣ್ಣ” ಎಂದು ಗಿಡ್ಡಪ್ಪ ಬಾರುಕೋಲು ಎತ್ತಿದ. ಎತ್ತುಗಳು ಓಡಿದವು.

ಮಧ್ಯಾಹ್ನ ಡಾಕ್ಟರು ಕೊಯ್ದರು, ಕರುಳನ್ನು ಒಳಗಿಟ್ಟು ಹೊಲಿದರು. ಇನ್ನು ನಾಲ್ಕು ತಾಸು ತಡವಾಗಿದ್ದರೆ ಕರುಳು ಕೊಳೆಯುತ್ತಿತ್ತು ಎಂದರು. ಅಂದಪ್ಪ ಬದುಕಿದ. ಆರನೆಯ ದಿನ ಅವನಿಗೆ ಗಂಜಿ ಸೇರಿತು, ಮಾತೂ ಬಂತು. ಪಕ್ಕದಲ್ಲಿ ಗಿಡ್ಡಪ್ಪ ಬೀಸಣಿಗೆ ಹಿಡಿದು ಕೂತಿದ್ದ.

“ಚಕ್ಕಡ್ಯಾಗ ನಾ ಒಂದು ಮಾತು ಹೇಳಿದೆ. ಕೇಳಿಸಿತೇನು?”

“ಕೇಳಿಸಿತು. ನನಗ ಹತ್ತು ವರ್ಷದಿಂದ ಗೊತ್ತೈತಿ ಅದು.”

“ಯಾರು ಹೇಳಿದ್ರು?”

“ದೊಡ್ಡವ್ವ, ನಿಮ್ಮವ್ವ. ಅವತ್ತು ಪಂಚಮಿ ಮರುದಿನ ನಾ ಆಕಿ ಕಾಲು ಹಿಡಕೊಂಡು ಅತ್ತಿದ್ದೆ. ‘ಹುಚ್ಚಪ್ಪಾ, ನಿಂದೇನು ತಪ್ಪು? ನಮ್ಮ ಯಜಮಾನ್ರಿಗೂ ಇದ ಇತ್ತು, ಅವರು ಯಾವ ಕಲ್ಲು ಎತ್ತಿದ್ರು?’ ಅಂದಳು. ಮಗನ ಮುಂದ ಹೇಳಾಕ ಆಕಿಗೆ ನಾಚಿಕಿ. ಹೇಳಬ್ಯಾಡ ಅಂತ ಆಣಿ ಮಾಡಿಸಿಕೊಂಡಳು.”

ಅಂದಪ್ಪ ಅವನ ಕಡೆ ಹೊರಳಿದ. “ಮತ್ತ ನನ್ನ ಹೊಲ ಯಾಕ ಉತ್ತಿ?”

“ನಿನಗ ಬಗ್ಗಾಕ ಬರ್ತಿದ್ದಿಲ್ಲಲ್ಲ. ತಪ್ಪು ಮಾಡಿದ್ರಷ್ಟ ಅಣ್ಣನ ಹೊಲ ಉಳಬೇಕೇನು?”

“ಕಲ್ಲು? ಕಲ್ಲು ಯಾಕ ಬಿಟ್ಟಿ?”

ಗಿಡ್ಡಪ್ಪ ಬೀಸಣಿಗೆ ನಿಲ್ಲಿಸಿದ. ಹೇಳಲೋ ಬೇಡವೋ ಎಂಬಂತೆ ಕಿಟಕಿಯ ಕಡೆ ನೋಡಿ, “ನೀ ಕಟ್ಟಿ ಮ್ಯಾಲ ಕುಂತು ನನ್ನ ಮಾರಿ ನೋಡ್ತಿದ್ದಿ. ನಾ ಒಲ್ಲೆ ಅಂದ ಕೂಡಲೆ ನಿನ್ನ ಮಾರಿ ಅರಳತಿತ್ತು. ವರ್ಷಕ್ಕ ಒಂದಿನ ಖುಷಿ ಆಗ್ತಿದ್ದಿ ಅಣ್ಣ. ಅದನ್ನ ಯಾಕ ಕೆಡಸಲಿ?” ಎಂದ. ಮತ್ತೆ ಬೀಸತೊಡಗಿದ.

ಹತ್ತು ವರ್ಷ ತಾನು ಗೆದ್ದೆನೆಂದು ಮೆದ್ದ ಉಂಡೆಗಳೆಲ್ಲ ಇವನು ಇಕ್ಕಿದವು ಎಂದು ಅಂದಪ್ಪನಿಗೆ ತಿಳಿಯಿತು. ಗೋಡೆಯ ಕಡೆ ಮುಖ ತಿರುಗಿಸಿದ. ಹೊಲಿಗೆ ಎಳೆಯುತ್ತದೆ, ಬಿಕ್ಕಬಾರದು ಎಂದು ಡಾಕ್ಟರು ಹೇಳಿದ್ದರೂ ಅಳು ತಡೆಯಲಿಲ್ಲ. ಆದರೆ ಅಳು ಬರುವುದಕ್ಕಿಂತ ಒಂದು ಗಳಿಗೆ ಮೊದಲು, ಇಷ್ಟು ಒಳ್ಳೆಯ ಮನಸ್ಸೂ ಇವನ ಪಾಲಿಗೇ ಬಂತೇ ಎಂದು ಅವನ ಹೊಟ್ಟೆ ಧಗಧಗ ಉರಿದದ್ದೂ ಅಷ್ಟೇ ನಿಜ.